ನಾಲ್ಕು ಹನಿ ಎಣ್ಣೆ

ಸೈಕಲ್ ಸೀಟಿನ ಎತ್ತರ ನೋಡಿಯೇ ಮೇಘಶ್ರೀಗೆ ಪುಕುಪುಕು ಎಂದಿತು. 'ಕಾಲು ನೆಲಕ್ಕೆ ನಿಲುಕದಿದ್ದರೆ? ಇವನ ಎದುರೇ, ಮೂಡಿಗೆರೆ ಪೇಟೆಯ ನಡುವೆ ಬಿದ್ದುಬಿಟ್ಟರೆ...'

"ಸೀಟು ಇಳಿಸ್ಲಾ?" ಸ್ಪ್ಯಾನರ್ ಹಿಡಿದು ಮಲ್ಲಿಕಾರ್ಜುನ ಕೇಳಿದ.

"ಬೇಡ! ಅದು ಅಣ್ಣನ ಅಳತೆ..."

ಅವನ ಕೈ ಅಲ್ಲೇ ನಿಂತಿತು. ಅವನ ಸೈಕಲ್ ಶಾಪಿನೆದುರು, ಎರಡು ವರ್ಷದ ಮೇಲೆ, ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಕಣ್ಣು ಕೂಡಿದ್ದು ಒಂದೇ ಕ್ಷಣ. ಅಷ್ಟಕ್ಕೇ ಅವಳ ಎದೆ ಹೊಡೆದುಕೊಳ್ಳತೊಡಗಿತು!

ಎರಡು ವರ್ಷದ ಹಿಂದೆ, ಇದೇ ದಿನ, ಇದೇ ಸೈಕಲ್ಲಿನಲ್ಲಿ ಅವಳ ಅಣ್ಣ ದಿಲೀಪ ಕಳಸಕ್ಕೆ ಹೊರಟಿದ್ದ. ಏರಿನಲ್ಲಿ ಏನೂ ಗೊತ್ತಾಗಲಿಲ್ಲ. ಬಾಳೂರು ದಾಟಿದ ಮೇಲಿನ ಇಳಿಜಾರಿನಲ್ಲಿ, ತಿರುವಿನ ಹತ್ತಿರ, ಬ್ರೇಕ್ ಹಿಡಿಯಲಿಲ್ಲ.

ದಿಲೀಪ ಮನೆಗೆ ಬರಲೇ ಇಲ್ಲ.

"ಸರ್ವೀಸ್ ಮಾಡಿದ್ದು ನಾನು. ತಪ್ಪು ನಂದೇ." ಅವತ್ತು ದಿಲೀಪನ ಹಿಂದೆಯೇ ಸೈಕಲ್ ತುಳಿಯುತ್ತಿದ್ದ ಗೆಳೆಯ ಮಲ್ಲಿಕಾರ್ಜುನ ಎಲ್ಲರೆದುರು ಒಪ್ಪಿಕೊಂಡ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವಳಪ್ಪ ಮಂಜಯ್ಯ, "ಇನ್ನು ನನ್ನ ಮೆಟ್ಟಿಲು ಹತ್ತಬೇಡ! ಆ ಸೈಕಲ್ಲೂ ನನ್ನ ಕಣ್ಣಿಗೆ ಬೀಳಬಾರದು!" ಎಂದು ಬಾಗಿಲು ಹಾಕಿಕೊಂಡರು.

ನಿಜ ಇದ್ದದ್ದು ಮೇಘಶ್ರೀಯ ಡೈರಿಯಲ್ಲಿ ಮಾತ್ರ.

ಕಾಫಿ ಕುಯ್ಲಿಗೆ ಮುಂಚೆ ಎಸ್ಟೇಟಿನಲ್ಲಿ ಕಿರುಗುಟ್ಟುವ ಎಲ್ಲದಕ್ಕೂ ಎಣ್ಣೆ ಬಿಡುವುದು ವಾಡಿಕೆ. ಗೋಡೌನಿನ ಬಾಗಿಲು, ತೂಕದ ಕಾಟಾ, ಹಣ್ಣು ಸುಲಿಯುವ ಪಲ್ಪರ್. ದಿಲೀಪ ಹೊರಡುವ ಹಿಂದಿನ ಸಂಜೆ ಪಲ್ಪರಿಗೆ ಎಣ್ಣೆ ಬಿಡುತ್ತಿದ್ದವಳ ಪಕ್ಕದಲ್ಲೇ ಅಣ್ಣನ ಸೈಕಲ್ಲು ಒರಗಿತ್ತು. ಅದರ ಬ್ರೇಕೂ ಕೀಂಯ್ ಅನ್ನುತ್ತಿತ್ತಲ್ಲ! ಚಕ್ರದ ನಡುವೆ ಬ್ರೇಕ್ ಕಚ್ಚುವ ಡಿಸ್ಕಿಗೆ ನಾಲ್ಕು ಹನಿ ಬಿಟ್ಟಳು. ಸದ್ದು ನಿಂತಿತು. ಅಣ್ಣ ಖುಷಿಪಡುತ್ತಾನೆ ಎಂದುಕೊಂಡಳು.

ಎಣ್ಣೆ ತಾಗಿದ ಬ್ರೇಕ್ ಹಿಡಿಯುವುದಿಲ್ಲವೆಂದು ಅವಳಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಆಮೇಲೆ ಯಾರಿಗೂ ಹೇಳಲು ಬಾಯೇ ಬರಲಿಲ್ಲ. ತಾನು ಮನಸ್ಸಿನಲ್ಲೇ ಇಷ್ಟಪಡುತ್ತಿದ್ದ ಹುಡುಗ ಅವಳ ತಪ್ಪನ್ನು ತನ್ನದೇ ಎಂದು ನಂಬಿ ಕೊರಗುತ್ತಿದ್ದಾನೆ... ಅದನ್ನೂ ಡೈರಿಗೇ ಬರೆದಳು. ಕೊನೆಗೆ ಮೊನ್ನೆ ಮೆಸೇಜ್ ಮಾಡಿದ್ದಳು: 'ನಿಮ್ಮ ಶಾಪಿನಲ್ಲಿರುವ ಅಣ್ಣನ ಸೈಕಲ್ ರೆಡಿ ಮಾಡಿ. ಅವನು ಮುಗಿಸದ ದಾರಿ ಮುಗಿಸಬೇಕು.'

ಆ ತಿರುವು ಬರುವುದರೊಳಗೆ ಅವನಿಗೆ ಹೇಳಿಬಿಡಬೇಕು. ಹೇಳಿದ ಮೇಲೆ ಅವನು ಮುಖ ತಿರುಗಿಸಿದರೂ ಸರಿ.

ಇಬ್ಬರೂ ಸೈಕಲ್ಲೇರಿ ಹೊರಟರು. ಬಣಕಲ್ ದಾಟುವಾಗ ಹೇಳಲಿಲ್ಲ. ಏರಿನಲ್ಲಿ ಉಸಿರೇ ಸಾಲದು. ಕೊಟ್ಟಿಗೆಹಾರದಲ್ಲಿ ತಂಗಮ್ಮನ ಹೋಟೆಲಿನಲ್ಲಿ ನೀರುದೋಸೆಗೆ ಕೂತರು.

"ಏನೋ ಮಾರಾಯ, ಈ ಸಲನಾದ್ರೂ ಬ್ರೇಕ್ ನೋಡಿದ್ಯೇನೋ?" ತಂಗಮ್ಮ ಚಟ್ನಿ ಬಡಿಸುತ್ತ ಚುಚ್ಚಿದಳು.

"ಎರಡೆರಡು ಸಲ ನೋಡಿದೀನಿ ತಂಗಮ್ಮಕ್ಕ," ಎಂದು ಅವನು ನಕ್ಕ.

"ನಿನ್ನ ರಿಪೇರಿ ನಂಬಿ ಬಂದಿದಾಳಲ್ಲ, ಗಟ್ಟಿಗಿತ್ತಿ ಬಿಡು ಇವಳು!"

'ಈಗ ಹೇಳು... ಈಗಲೇ!' ಅವಳು ನೀರಿನ ಲೋಟ ಎತ್ತಿಕೊಂಡಳು.

"ಚಟ್ನಿ ಖಾರ," ಅಂದಳು ಮೇಘಶ್ರೀ. ಅಷ್ಟೇ.

ಮುಂದಿನ ದಾರಿಯಲ್ಲಿ ಮಂಜು. ಮಲ್ಲಿಕಾರ್ಜುನ ಮುಂದೆ, ಅವಳು ಹಿಂದೆ. ಇಳಿಜಾರು ಶುರುವಾದ ಕೂಡಲೇ ಬೆನ್ನ ಹಿಂದೆ ಕೀಂಯ್...

ತಿರುಗಿ ನೋಡಿದಳು. ಖಾಲಿ ರಸ್ತೆ. ಕಾಫಿ ಗಿಡಗಳ ಮೇಲೆ ಮಂಜು ಹರಿದು ಹೋಗುತ್ತಿತ್ತು, ಬೇರೇನಿಲ್ಲ.

ಮತ್ತೆ, ಕೀಂಯ್! ಈ ಸಲ ಇನ್ನೂ ಹತ್ತಿರ. ಅಣ್ಣ ಹೀಗೇ ಬರುತ್ತಿದ್ದ, ಹಿಂದಿನಿಂದ, ಅವಳನ್ನು ಬೆಚ್ಚಿಬೀಳಿಸಲಿಕ್ಕೆಂದೇ.

"ಅಣ್ಣಾ...?"

ಎರಡೂ ಬ್ರೇಕ್ ಅದುಮಿ ಹಿಡಿದಳು. ಸೈಕಲ್ಲು ಕಿರುಚಿಕೊಂಡು ನಿಂತಿತು. ಕಿರುಚಿದ್ದು ತನ್ನದೇ ಬ್ರೇಕು! ಕಣ್ಣೆತ್ತಿದರೆ ಎದುರಿಗೆ ಅದೇ ತಿರುವು. ಮೈಲಿಗಲ್ಲಿನ ಮೇಲೆ ಯಾರೋ ಇಟ್ಟ ಕಾಡುಹೂ ಇನ್ನೂ ಬಾಡಿರಲಿಲ್ಲ. ಯಾರಿಟ್ಟಿದ್ದು?

ಮಲ್ಲಿಕಾರ್ಜುನ ಓಡಿ ಬಂದ. "ಏನಾಯ್ತು ಮಾರಾಯ್ತಿ?"

"ಸದ್ದು... ಅದೇ ಸದ್ದು..."

"ಮಂಜಿಗೆ ಒದ್ದೆಯಾಗಿದೆ, ಕೂಗಲಿ ಬಿಡು. ಕೂಗೋ ಬ್ರೇಕು ಹಿಡಿಯುತ್ತೆ. ಎಣ್ಣೆ ಮಾತ್ರ..."

ಮಾತು ಅಲ್ಲೇ ನುಂಗಿದ. ಅವಳು ನೋಡೇ ನೋಡಿದಳು.

"ನಿಮಗೆ... ಗೊತ್ತಾ?"

ಅವನು ಬಗ್ಗಿ, ತಾನೇ ಇಟ್ಟವನಂತೆ ಕಲ್ಲಿನ ಮೇಲಿನ ಹೂವನ್ನು ಸರಿಮಾಡಿದ. "ಅವತ್ತೇ ಗೊತ್ತಾಯ್ತು. ಸೈಕಲ್ ಎತ್ತಿದ ಕೈಗೆಲ್ಲ ಪಲ್ಪರ್ ಎಣ್ಣೆ ವಾಸನೆ. ನಿಮ್ಮನೇಲಿ ಕೀಂಯ್ ಅಂದಿದ್ದಕ್ಕೆಲ್ಲ ಎಣ್ಣೆ ಬಿಡೋಳು ನೀನಲ್ದೆ ಇನ್ಯಾರು? ಯಾರೂ ನೋಡೋಕೆ ಮುಂಚೆ ನನ್ನ ಶರ್ಟಲ್ಲೇ ಒರೆಸಿಬಿಟ್ಟೆ."

"ಮತ್ತೆ ನಿಮ್ಮ ತಪ್ಪು ಅಂತ ಯಾಕೆ..."

"ನಿಮ್ಮಪ್ಪ ಮಗನ್ನ ಕಳ್ಕೊಂಡಿದ್ರು. ಮಗಳ ಮುಖ ನೋಡೋಕೂ ಆಗದ ಹಾಗೆ ಆಗೋದು ಬೇಡ ಅನ್ನಿಸ್ತು."

"ಒಂದು ವರ್ಷ ನಿಮ್ಮ ಶಾಪಿಗೆ ಯಾರೂ ಸೈಕಲ್ ತರ್ಲಿಲ್ಲ!"

"ಅದೇನು ಮಹಾ. ಪೇಟೇಲಿ ಎದುರಾದ್ರೂ ನೀನು ತಲೆ ತಗ್ಗಿಸ್ಕೊಂಡು ಹೋಗ್ತಿದ್ದೆಯಲ್ಲ... ಅದೊಂದೇ ತಡ್ಕೊಳ್ಳೋಕೆ ಆಗ್ತಿರಲಿಲ್ಲ."

ಮೇಘಶ್ರೀ ಮೈಲಿಗಲ್ಲಿನ ಪಕ್ಕ ಕುಸಿದು ಕೂತಳು. ಎರಡು ವರ್ಷದ ಅಳು ಒಂದೇ ಸಲ ಒಡೆದು ಬಂತು. ಅವನು ಪಕ್ಕ ಕೂತ, ಮುಟ್ಟಲಿಲ್ಲ. ಅಳು ನಿಲ್ಲುವವರೆಗೆ ಕಾದ.

ಆಮೇಲೆ ಅವಳು ಫೋನ್ ತೆಗೆದಳು. ಸಿಗ್ನಲ್ಲಿನ ಎರಡು ಕಡ್ಡಿ ಇತ್ತು.

"ಯಾರಿಗೆ?" ಅವನು ಗಾಬರಿಯಾದ. "ಬೇಡ ಮೇಘಾ. ಇಷ್ಟು ದಿನ ಹೊತ್ತಿಲ್ವಾ, ಇನ್ನೂ ಹೊರ್ತೀನಿ. ನನಗೇನೂ ಭಾರ ಇಲ್ಲ."

"ನನಗಿದೆ," ಎಂದಳು. "ಇದನ್ನ ನಿಮ್ಮ ತಲೆ ಮೇಲೆ ಬಿಟ್ಟು, ನಿಮ್ಮ ಜೊತೆ ನಾನು ಹೇಗೆ ಬಾಳ್ಲಿ?"

ಹೇಳಿದ ಮೇಲೆಯೇ ಅವಳಿಗೆ ತಾನೇನಂದೆ ಎಂದು ಹೊಳೆದದ್ದು. ಕಿವಿ ಬಿಸಿಯಾಯಿತು.

"ನನ್ನ ಜೊತೆ...?" ಅವನ ದನಿ ಒಡೆಯಿತು.

ಉತ್ತರವಾಗಿ ಅವಳು ಕೈ ಚಾಚಿದಳು. ಗ್ರೀಸಿನ ಕಲೆ ಹತ್ತಿದ ಅವನ ಕೈ ಅದನ್ನು ಮೆಲ್ಲಗೆ ಹಿಡಿಯಿತು.

ಇನ್ನೊಂದು ಕೈಯಲ್ಲಿ ಅಪ್ಪನ ನಂಬರ್ ಒತ್ತಿದಳು. ರಿಂಗಾಗಿ ಆ ಕಡೆಯಿಂದ ದನಿ ಬಂತು. "ಎಲ್ಲಿದೀಯ ಮಗಾ? ಊಟಕ್ಕೆ ಬರ್ತೀಯಾ?"

ಬೆನ್ನ ಹಿಂದೆ ದಾರಿ ಈಗ ಸದ್ದಿಲ್ಲದೆ ಕಾಯುತ್ತಿತ್ತು. ಮೇಘಶ್ರೀ ಉಸಿರೆಳೆದುಕೊಂಡಳು.

"ಅಪ್ಪಾ... ಅಣ್ಣನ ಬ್ರೇಕಿಗೆ ಎಣ್ಣೆ ಬಿಟ್ಟಿದ್ದು ನಾನು."