ಹೆಗಲು ಬದಲು

ಬೆಳಗಿನ ಎಂಟು ಗಂಟೆಗೆ ಆನೆ ದಾರಿಗೆ ಅಡ್ಡ ನಿಂತಿತ್ತು. ಹೊನ್ನೇಬೆಟ್ಟದ ಅರಣ್ಯ ಕಾವಲುಗಾರ ಕೇತೇಗೌಡ ಹೆಗಲ ಮೇಲಿದ್ದ ಕೋವಿಯನ್ನು ಒಂದೇ ಕೈಯಲ್ಲಿ ಎತ್ತಿ, ಆಕಾಶಕ್ಕೆ ಹಿಡಿದು, ಟ್ರಿಗರ್ ಒತ್ತಿದ. ಸದ್ದಿಗೆ ಆನೆ ಕಿವಿ ಅಗಲಿಸಿ, ತುಸು ಹೊತ್ತು ನಿಂತು, ಬಿದಿರು ಮೆಳೆಯೊಳಗೆ ಇಳಿದು ಹೋಯಿತು. ಮತ್ತೆ ತಿರುಗಿ ಬಂದರೆ ಇರಲಿ ಎಂದು ಅವನು ಬೋಲ್ಟ್ ಎಳೆದು ಎರಡನೆಯ ತೋಟಾ ಏರಿಸಿದ. ಆನೆ ತಿರುಗಿ ಬರಲಿಲ್ಲ. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಜೊತೆಗಾರ ಬೊಮ್ಮಯ್ಯನ ಹಿಂದೆ ನಡೆದ. ಹೆಗಲ ಮೇಲೆ ಕೋವಿ ಇದೆಯೆಂಬುದೂ ಅವನಿಗೆ ಮರೆತುಹೋಯಿತು.

ಮರೆತುಹೋಗಬೇಕು ಎಂದೇ ಅದನ್ನು ಮಾಡಿದ್ದು.

ಇದು 2057ನೆಯ ಇಸವಿ. ಕೋವಿಯ ತೂಕವೆಲ್ಲ ಹೆಚ್ಚಾಗಿ ಅದರ ನಳಿಗೆಯಲ್ಲಿರುತ್ತದೆ. ಗುಂಡು ಹಾರುವಾಗಿನ ಒತ್ತಡವನ್ನೂ ಕಾವನ್ನೂ ತಡೆಯಲು ದಪ್ಪ ಉಕ್ಕೇ ಬೇಕೆಂದು ಶತಮಾನಗಳಿಂದ ನಂಬಿದ್ದರು. ಆಮೇಲೆ ತೆಳ್ಳನೆಯ ಉಕ್ಕಿನ ಕೊಳವೆಗೆ ಇಂಗಾಲದ ನಾರು ಸುತ್ತಿ ಅಂಟಿನಲ್ಲಿ ಗಟ್ಟಿ ಮಾಡಿದ ನಳಿಗೆಗಳು ಬಂದವು. ಈ ನಾರು ಕೂದಲಿಗಿಂತ ಸಣ್ಣ, ಎಳೆದರೆ ಉಕ್ಕಿಗಿಂತ ಗಟ್ಟಿ. ಹಗುರವೇನೋ ಆಯಿತು, ಆದರೆ ಅಂಟು ಕಾವನ್ನು ಒಳಗೇ ಹಿಡಿದಿಡುತ್ತಿತ್ತು, ಹತ್ತು ಗುಂಡು ಹಾರಿಸುವಷ್ಟರಲ್ಲಿ ಗುರಿ ತಪ್ಪುತ್ತಿತ್ತು. ಅಷ್ಟು ದುಡ್ಡು ಸುರಿದು ಕೊಳ್ಳಲು ಇದು ತಕ್ಕದ್ದೇ ಎಂದು ಬೇಟೆಯ ಶೋಕಿಯವರು ಅಂತರಜಾಲದಲ್ಲಿ ವರ್ಷಗಟ್ಟಲೆ ಜಗಳವಾಡಿದರು. ಜಗಳ ಮುಗಿಸಿದವಳು ಮೈಸೂರಿನ ಒಂದು ಪ್ರಯೋಗಾಲಯದ ಡಾ. ಮಾದೇವಿ. ನಾರಿನ ಒಂದು ಪದರವನ್ನು ಸುತ್ತದೆ, ಬ್ರಷ್ಷಿನ ಕೂದಲಿನಂತೆ ಹೊರಮುಖವಾಗಿ ನಿಲ್ಲಿಸಿದಳು. ಕಾವು ನಾರಿನ ಗುಂಟ ಹೊರಗೆ ಹರಿಯಿತು. ಹಿಡಿಯನ್ನೂ ನಾರಿನಲ್ಲೇ ಮಾಡಿದ ಮೇಲೆ ನಾಲ್ಕು ಕಿಲೋದ ಕೋವಿ ಒಂದೂಮುಕ್ಕಾಲು ಕಿಲೋಗೆ ಇಳಿಯಿತು.

ಪ್ರಶಸ್ತಿ ಕೊಟ್ಟವರು ಅವಳನ್ನು ವಿಜ್ಞಾನಿ ಎಂದರು. ಅವಳು ಮಗಳಾಗಿ ಮಾಡಿದ ಕೆಲಸ ಅದು. ಅಪ್ಪ ಜಡೇಗೌಡ ಅದೇ ಹೊನ್ನೇಬೆಟ್ಟದಲ್ಲಿ ಮೂವತ್ತು ವರ್ಷ ಕಾವಲುಗಾರನಾಗಿದ್ದ ಸೋಲಿಗ. ಅವನ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಕೆಳಗಿತ್ತು. ಅಂಗಿ ತೊಡುವಾಗ ಅವನು ಹಲ್ಲು ಕಚ್ಚುವುದನ್ನು ನೋಡುತ್ತಲೇ ಅವಳು ಬೆಳೆದಿದ್ದಳು.

ಹೊಸ ಕೋವಿ ಬಂದ ವರ್ಷವೇ ಇಲಾಖೆಯವರಿಗೆ ಇನ್ನೊಂದು ಹೊಳೆಯಿತು. ಭಾರದ ಕೋವಿಯನ್ನು ಸರದಿಯಲ್ಲಿ ಹೊರಲು ಗಸ್ತಿಗೆ ನಾಲ್ಕು ಜನ ಬೇಕಾಗಿತ್ತು. ಈಗ ಒಬ್ಬನೇ ದಿನವಿಡೀ ಹೊರಬಲ್ಲ. ನಾಲ್ಕು ಜನರ ಗಸ್ತು ಎರಡಕ್ಕಿಳಿಯಿತು. ಕೆಲಸ ಹೋಗಿ ಮನೆ ಸೇರಿದ ಇಬ್ಬಿಬ್ಬರು ಯಾರಿಗೂ ಶಾಪ ಹಾಕಲಿಲ್ಲ, ಹಾಕಿದ್ದರೂ ಮೈಸೂರಿಗೆ ಕೇಳಿಸುತ್ತಿರಲಿಲ್ಲ.

ಕೇತೇಗೌಡ ಮತ್ತು ಬೊಮ್ಮಯ್ಯ ಆನೆ ಕಂಡ ಜಾಗದಿಂದ ಆರು ಕಿಲೋಮೀಟರ್ ನಡೆದು ಹಳ್ಳ ದಾಟುತ್ತಿದ್ದರು. ಕೋವಿ ಲಾಂಟಾನದ ಪೊದೆಗೆ ಸಿಕ್ಕಿಕೊಂಡಿತು. ಕೇತೇಗೌಡ ಪಟ್ಟಿ ಹಿಡಿದು ಜಗ್ಗಿದ, ನಳಿಗೆ ಮುಂದಕ್ಕೆ ವಾಲಿತು. ಯಾವುದೋ ಕಡ್ಡಿ ಟ್ರಿಗರಿಗೆ ತಾಗಿ ಗುಂಡು ಹಾರಿತು. ನಾಲ್ಕು ಮಾರು ಮುಂದಿದ್ದ ಬೊಮ್ಮಯ್ಯ ನೀರಿಗೆ ಬಿದ್ದ, ಮತ್ತೆ ಏಳಲಿಲ್ಲ.

ಕೇತೇಗೌಡನ ಮೇಲೆ ಮೊಕದ್ದಮೆ ಬಿತ್ತು. ವಿಚಾರಣಾ ಸಮಿತಿ ಕೋವಿಯನ್ನು ಮಾದೇವಿಗೆ ಕಳಿಸಿತು. ನಳಿಗೆಯಲ್ಲೋ ಬೋಲ್ಟಿನಲ್ಲೋ ದೋಷ ಸಿಕ್ಕರೆ ಅವನು ಉಳಿಯುತ್ತಾನೆ, ಸಿಗದಿದ್ದರೆ ಜೈಲಿಗೆ ಹೋಗುತ್ತಾನೆ. ಅವಳು ಹನ್ನೊಂದು ದಿನ ಪರೀಕ್ಷೆ ಮಾಡಿದಳು. ತಾನು ಮಾಡಿದ ವಸ್ತುವಿನಲ್ಲಿ ಒಂದು ಬಿರುಕಾದರೂ ಇರಲಿ ಎಂದು ಬೇಡಿಕೊಂಡ ವಿಜ್ಞಾನಿ ಅವಳೊಬ್ಬಳೇ ಇರಬೇಕು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಜಾಮೀನಿನ ಮೇಲಿದ್ದ ಕೇತೇಗೌಡ ಅವಳನ್ನು ನೋಡಲು ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತೋಟಾ ಒಳಗದೆ ಅನ್ನೋದೇ ಮರ್ತೋಗಿತ್ತು ಕಣಕ್ಕ," ಎಂದ. "ಕೋವಿನೇ ಮರ್ತೋಗಿತ್ತು."

ಅಂದು ಸಂಜೆ ಅವಳು ಮನೆಗೆ ಹೋಗಿ ಅಪ್ಪನ ಎದುರು ಕುಳಿತಳು. "ನೀವೂ ಆನೆಗೆ ಗುಂಡು ಹಾರಿಸ್ತಿದ್ರಿ. ತೋಟಾ ಒಳಗೇ ಉಳಿದು ಹೀಗೆ ಯಾವತ್ತೂ ಆಗಲಿಲ್ವಾ ಅಪ್ಪ?"

ಜಡೇಗೌಡ ತಲೆ ಅಲ್ಲಾಡಿಸಿದ. "ಹೆಂಗಾದದು? ಹೆಗಲು ಬದಲು ಇತ್ತಲ್ಲ."

"ಅದು ಸುಸ್ತಾದಾಗ ಕೋವಿ ಇನ್ನೊಬ್ಬರಿಗೆ ಕೊಡೋದು ಅಲ್ವಾ?"

"ಸುಸ್ತಿಗೇಯ. ಮತ್ತಿ ಮರ ಬಂದ್ರ ಒಬ್ಬ ಇಳಿಸ್ಬೇಕು, ಇನ್ನೊಬ್ಬ ತಕಬೇಕು. ಸುಮ್ಮನ ತಕಂಡಾರಾ ಯಾರಾದ್ರೂ? ಬಾಯ್ ತೆಗ್ದು ತೋರ್ಸು ಅನ್ನೋರು. ಬೋಲ್ಟ್ ತೆಗ್ದು ತೋರ್ಸ್ಬೇಕು. ತಕಳೋನು ಕಿರುಬೆರಳು ಒಳಗಾಕಿ ನೋಡಿ, ಖಾಲಿ ಅನ್ಬೇಕು. ಉಳಿದ ಇಬ್ರೂ ಕೇಳುಸ್ಕೋಬೇಕು. ಆಮೇಲೆ ಒಂದು ಬೀಡಿ."

"ಯಾರು ಮಾಡಿದ ನಿಯಮ ಅದು?"

"ನಿಯಮ ಯಾಕವ್ವ? ಭಾರ ಇತ್ತು, ಬದಲಾಯಿಸ್ತಿದ್ದೋ."

ಮಾದೇವಿ ಎದ್ದು ಒಳಕೋಣೆಗೆ ಹೋದಳು. ಹತ್ತು ವರ್ಷದ ಹಿಂದೆ, ಅಪ್ಪನ ಕೆಲಸದ ಕೊನೆಯ ವರ್ಷದಲ್ಲಿ, ಅವಳು ಗಡಿಯಾರ ಹಿಡಿದು ಅವನ ಗಸ್ತಿನ ಹಿಂದೆಯೇ ಇಪ್ಪತ್ತು ದಿನ ನಡೆದಿದ್ದಳು. ಆಗ ಬರೆದ ಯೋಜನೆಯ ಪ್ರತಿ ಕಪಾಟಿನಲ್ಲಿತ್ತು. ಮೂರನೆಯ ಪುಟದಲ್ಲಿ ಅವಳದೇ ವಾಕ್ಯ: 'ಕೋವಿಯ ಭಾರದಿಂದಾಗಿ ಗಸ್ತು ದಿನಕ್ಕೆ ಹತ್ತು ಸಲ ನಿಲ್ಲುತ್ತದೆ. ಪ್ರತಿ ಸಲ ನಾಲ್ಕು ನಿಮಿಷ ವ್ಯರ್ಥ. ಹಗುರ ನಳಿಗೆಯಿಂದ ದಿನಕ್ಕೆ ನಲವತ್ತು ನಿಮಿಷ ಉಳಿತಾಯ.' ಆ ಹತ್ತು ನಿಲುಗಡೆಗಳನ್ನೂ ಅವಳು ಕಣ್ಣಾರೆ ನೋಡಿದ್ದಳು. ಬೆರಳು ಒಳಗೆ ಹೋಗಿ ಬರುವುದನ್ನೂ ನೋಡಿದ್ದಳು. ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ವರದಿಯ ಮೊದಲ ಪುಟದಲ್ಲಿ ನಳಿಗೆಯ ಪರೀಕ್ಷೆಯನ್ನೂ ಎರಡನೆಯದರಲ್ಲಿ ಹೆಗಲು ಬದಲನ್ನೂ ಬರೆದಳು. ಸಮಿತಿಯ ಅಧ್ಯಕ್ಷ ವಾಸುಕಿ ಸೌಮ್ಯ ಮನುಷ್ಯ. ಎರಡೂ ಪುಟ ಓದಿ ಕನ್ನಡಕ ತೆಗೆದಿಟ್ಟರು.

"ನಳಿಗೆಯಲ್ಲಿ ದೋಷ ಇದೆಯಾ ಡಾಕ್ಟರೇ?"

"ಇಲ್ಲ ಸರ್. ದೋಷ ಅದನ್ನ ಮಾಡಿದ ನನ್ನ ಯೋಚನೆಯಲ್ಲಿದೆ. ಭಾರದ ಜೊತೆ ನಾನು ಆ ತಪಾಸಣೆಯನ್ನೂ ತೆಗೆದುಹಾಕಿದೆ. ನಾಲ್ಕು ಜನ ನೋಡ್ತಿದ್ದುದನ್ನ ಒಬ್ಬನ ನೆನಪಿಗೆ ಬಿಟ್ಟೆ. ಅವನು ಮರೆತ."

"ಈ ಹೆಗಲು ಬದಲು ಯಾವ ಕೈಪಿಡಿಯಲ್ಲಿದೆ?"

"ಯಾವುದರಲ್ಲೂ ಇಲ್ಲ."

"ತೋಟಾ ತೆಗೆದೇ ಕೋವಿ ಹೊರಬೇಕು ಅನ್ನೋದು?"

"ಅದು ಇದೆ."

"ಇಲ್ಲದ ನಿಯಮವನ್ನ ನೀವು ತೆಗೆದುಹಾಕಿದಿರಿ ಅಂತ ನಾನು ಹೇಗಮ್ಮ ಬರೆಯಲಿ? ಇದ್ದ ನಿಯಮವನ್ನ ಅವನು ಮುರಿದದ್ದು ಕಾಣ್ತಿದೆ." ಅವರು ಎರಡನೆಯ ಪುಟವನ್ನು ಪಿನ್ನಿನಿಂದ ಬಿಡಿಸಿ, ಜೋಪಾನವಾಗಿ ಮಡಿಸಿ, ಅವಳಿಗೇ ಹಿಂದಿರುಗಿಸಿದರು.

ನ್ಯಾಯಾಲಯದಲ್ಲಿಯೂ ಅವಳು ಎರಡನೆಯ ಪುಟ ಮುಂದಿಟ್ಟಳು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂದರು. ಮೊದಲ ಪುಟದ ಬಲದ ಮೇಲೆ ಕೇತೇಗೌಡನಿಗೆ ಎರಡು ವರ್ಷ ಶಿಕ್ಷೆಯಾಯಿತು. ಅವನು ತಲೆಬಾಗಿ ಅದನ್ನು ಒಪ್ಪಿಕೊಂಡ. ಬೊಮ್ಮಯ್ಯ ಅವನ ಅಕ್ಕನ ಗಂಡ.

ಮರುವರ್ಷ ಅವಳು ಹೊನ್ನೇಬೆಟ್ಟಕ್ಕೆ ಹೋದಳು. ಹೊಸ ಕಾವಲುಗಾರರಿಬ್ಬರು ಹೊರಡಲು ಸಿದ್ಧವಾಗಿದ್ದರು. ಕೋವಿ ಹಗುರವಾಗಿ ಹೆಗಲಲ್ಲಿ ಜಾಗ ಖಾಲಿಯಾಯಿತೆಂದು ಇಲಾಖೆ ಕ್ಯಾಮೆರಾ, ಬ್ಯಾಟರಿ, ಸಂಕೇತ ಕಳಿಸುವ ಪೆಟ್ಟಿಗೆಗಳನ್ನು ಸೇರಿಸಿತ್ತು. ಎಲ್ಲ ಕೂಡಿ ಎರಡೂಕಾಲು ಕಿಲೋ. ಉಕ್ಕಿನ ಕೋವಿಯ ಭಾರ ಪೂರ್ತಿ ವಾಪಸು ಬಂದಿತ್ತು. ಅದನ್ನು ಹಂಚಿಕೊಳ್ಳುವ ಇಬ್ಬರು ಬಂದಿರಲಿಲ್ಲ.

"ಬಾಯಿ ತೆಗೆದು ತೋರಿಸಿ," ಎಂದಳು.

ಕಾವಲುಗಾರ ಅರ್ಥವಾಗದೆ ಅವಳ ಮುಖ ನೋಡಿದ. ಕೋವಿಯದೆಂದು ಅವಳು ಕೈಮಾಡಿ ತೋರಿಸಿದ ಮೇಲೆ ನಕ್ಕ. "ಅದೆಲ್ಲ ಬೇಡ ಮೇಡಂ. ಹೊಸ ಮಾಡೆಲ್ಲು. ಖಾಲಿಯಿದ್ದರ ಹಸಿರು ದೀಪ ಉರೀತದ." ದೀಪ ಉರಿಯುತ್ತಿತ್ತು. ಅವಳು ಅದನ್ನು ನಂಬಲಿಲ್ಲ. ಬೋಲ್ಟ್ ಎಳೆದು ಕಿರುಬೆರಳು ಹಾಕಿ ನೋಡಿದಳು. ಖಾಲಿಯೇ ಇತ್ತು. ಅವರಿಬ್ಬರೂ ಹೊತ್ತಾಗುತ್ತಿದೆಯೆಂದು ಕಾಲು ಬದಲಿಸುತ್ತ ನಿಂತಿದ್ದರು.

ಇದೆಲ್ಲ ಆಗಲು ಇನ್ನೂ ಮೂವತ್ತು ವರ್ಷವಿದೆ. ಈಗ 2027ನೆಯ ಇಸವಿ, ಜಡೇಗೌಡ ಗಟ್ಟಿ ಆಳು, ಮಗಳು ಇನ್ನೂ ಶಾಲೆಯ ಕೆಳಗಿನ ತರಗತಿಯಲ್ಲಿದ್ದಾಳೆ. ಮತ್ತಿ ಮರದ ಕೆಳಗೆ ನಾಲ್ವರು ನಿಂತಿದ್ದಾರೆ. ಅವನ ಹೆಗಲು ನೋಯುತ್ತಿದೆ, ಆ ನೋವು ಸುಳ್ಳಲ್ಲ. ದೂರದಿಂದ ನೋಡುವ ಯಾರಿಗಾದರೂ ಇವರು ಸುಮ್ಮನೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸುತ್ತದೆ. ಅವನು ಕೋವಿ ಇಳಿಸಿ ಬಾಯಿ ತೆಗೆದು ತೋರಿಸುತ್ತಾನೆ. ಇನ್ನೊಬ್ಬ ಕಿರುಬೆರಳು ಹಾಕಿ ನೋಡುತ್ತಾನೆ. ಖಾಲಿ, ಎನ್ನುತ್ತಾನೆ. ಉಳಿದ ಇಬ್ಬರೂ ಕೇಳಿಸಿಕೊಳ್ಳುತ್ತಾರೆ.