ಹಲ್ಲಿನ ಡಾಕ್ಟರ ಹೊಸ ವಿಮಾನ

ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ, ಅಷ್ಟರಲ್ಲೇ ವಿಮಾನ ಕೊಂಡಿದ್ದಾನಂತೆ! ಅದೂ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವಂಥ ಹೊಚ್ಚಹೊಸದು. ಫ್ಲೈಯಿಂಗ್ ಕ್ಲಬ್ಬಿನ ಮೆಕ್ಯಾನಿಕ್ ಹುಡುಗಿಗೆ ಸುದ್ದಿ ಕೊಟ್ಟವನು ಗೇಟಿನ ವಾಚ್‌ಮನ್. ಅವಳ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ.

ಹ್ಯಾಂಗರಿನ ಹೊರಗೆ ಅದು ಬೆಳ್ಳಗೆ ಹೊಳೆಯುತ್ತ ನಿಂತಿತ್ತು. ಪಕ್ಕದಲ್ಲಿ ಅವನು. ಊರಿಗೆ ಹಲ್ಲಿನ ಡಾಕ್ಟರು, ಕ್ಲಬ್ಬಿಗೆ ಇನ್ನೂ ವಿದ್ಯಾರ್ಥಿ. ಮದುಮಗನ ಹಾಗೆ ಹಲ್ಲು ಕಿರಿಯುತ್ತಿದ್ದ.

"ಹೇಗಿದೆ?"

"ನನ್ನನ್ಯಾಕೆ ಕೇಳ್ತೀರಾ? ಕೊಳ್ಳೋ ಮುಂಚೆ ಒಂದು ಮಾತು ಕೇಳಿದ್ರಾ? ವಾರಂಟಿ ಮುಗಿಯೋವರೆಗೂ ಕಂಪನಿಯವರು ಬಿಟ್ಟು ಬೇರೆ ಯಾರೂ ಇದರ ಒಂದು ಸ್ಕ್ರೂನೂ ಮುಟ್ಟೋ ಹಾಗಿಲ್ಲ, ಗೊತ್ತಾ?"

"ಗೊತ್ತು. ಅದಕ್ಕೇ ತಗೊಂಡೆ."

ಕಪಾಳಕ್ಕೆ ಹೊಡೆದಂತಾಯಿತು. ಎಷ್ಟು ಸಂಜೆ ಅವನು ಕ್ಲಬ್ಬಿನ ಹಳೇ ವಿಮಾನ ಇಳಿಸಿ ಏನಾದರೊಂದು ದೂರು ಹೊತ್ತು ಬಂದಿದ್ದ! ಬ್ರೇಕ್ ಎಳೆಯುತ್ತದೆ, ಎಂಜಿನ್ ನಡುಗುತ್ತದೆ. ಅವಳು ಬಿಚ್ಚುತ್ತಿದ್ದಳು, ಅವನು ಟಾರ್ಚ್ ಹಿಡಿಯುತ್ತಿದ್ದ. ಬೆಳಕು ಎಂಜಿನ್ ಬಿಟ್ಟು ತನ್ನ ಕೆನ್ನೆಯ ಮೇಲೆ ಬೀಳುತ್ತಿದ್ದುದನ್ನು ಅವಳು ಕಂಡೂ ಕಾಣದಂತಿದ್ದಳು. ಆ ಸಂಜೆಗಳಿಗಾಗಿ ಕಾಯುತ್ತಿದ್ದಳು ಕೂಡ. ಇನ್ನು ಅವೆಲ್ಲ ಮುಗಿದ ಹಾಗೆ.

"ನನ್ನ ಕೆಲಸ ಬೇಡವಾಯ್ತು ಅಂತ ನೇರವಾಗೇ ಹೇಳಬಹುದಿತ್ತು."

"ಅಯ್ಯೋ, ಹಾಗಲ್ಲರೀ. ಆ ಕಂಪ್ಲೇಂಟುಗಳೆಲ್ಲಾ... ಸುಳ್ಳು. ನಿಮ್ಮ ಹತ್ರ ನಿಲ್ಲೋಕೆ ಬೇರೆ ನೆಪ ಸಿಗ್ಲಿಲ್ಲ. ಹೋದ ವಾರ ನನ್ನ ಸುಳ್ಳು ನಂಬಿ ಬಿಸಿ ಎಂಜಿನ್ ಬಿಚ್ಚೋಕೆ ಹೋಗಿ ನೀವು ಕೈ ಸುಟ್ಟುಕೊಂಡ್ರಿ. ಇದನ್ನಾದ್ರೆ ನೀವು ಬಿಚ್ಚೋ ಹಾಗಿಲ್ಲ, ನನಗೆ ನೆಪಾನೂ ಇರಲ್ಲ. ನಿಜ ಹೇಳ್ಲೇಬೇಕಾಗತ್ತೆ ಅಂತ..."

"ನಿಜ ಹೇಳೋಕೆ ವಿಮಾನ ಕೊಂಡ್ಯಾ?" ಅವಳ ಕೈಯ ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು. ಕೋಪದಲ್ಲಿ ಬಹುವಚನ ಎಲ್ಲೋ ಹಾರಿಹೋಗಿತ್ತು. "ಊರವರ ಬಾಯೆಲ್ಲ ತೆಗೆಸ್ತೀಯ, ನಿನ್ನದೊಂದು ತೆಗೆಯೋಕೆ ಬರ್ಲಿಲ್ವಾ? ನಾಳೆ ನಿಜವಾಗ್ಲೂ ಏನೋ ಕೆಟ್ಟು, ಇದೂ ಇವನ ನಾಟಕ ಅಂತ ನಾನು ಸುಮ್ಮನಿದ್ಬಿಟ್ರೆ? ನೀನು ಮೇಲಿದ್ದಾಗ ಏನಾದ್ರೂ..."

ಬಿದ್ದಿದ್ದ ಸ್ಪ್ಯಾನರನ್ನು ಕಾಲಿನಿಂದ ಒದ್ದಳು.

ಅವನ ಮುಖದಲ್ಲಿ ಈಗ ನಗುವಿರಲಿಲ್ಲ. "ತಪ್ಪಾಯ್ತು. ಇದನ್ನ ಕೊಂಡಿದ್ದಕ್ಕೆ ಮನೇಲಿ ನಮ್ಮಕ್ಕ ಮಾತು ಬಿಟ್ಟಿದ್ದಾಳೆ. ನೀವು ಎಷ್ಟು ಬೇಕಾದ್ರೂ ಬೈಯಿರಿ, ಮಾತು ಮಾತ್ರ ಬಿಡ್ಬೇಡಿ. ನನಗೆ ನೀವು ಬೇಕು. ಇದು ಬೇಡ ಅಂದ್ರೆ ವಾಪಸ್ ಕೊಟ್ಟುಬಿಡ್ತೀನಿ."

"ಕೊಟ್ಟುಬಿಡೋಕೆ ಅದೇನು ಅಂಗಡಿಯಿಂದ ತಂದ ಚಪ್ಪಲಿನಾ? ಸದ್ಯಕ್ಕೆ ಇದರ ಹತ್ರ ಸುಳಿದ್ರೆ ಕಾಲು ಮುರೀತೀನಿ. ಕ್ಲಬ್ಬಿನ ಹಳೇದರಲ್ಲೇ ಕಲಿ. ಪರೀಕ್ಷೆ ಪಾಸಾಗು."

"ಆಮೇಲೆ?"

"ಆಮೇಲೇನು? ಇದನ್ನ ಹಾರಿಸು. ಪಕ್ಕದಲ್ಲಿ ನಾನು ಕೂರ್ತೀನಿ. ಆ ಸೀಟಲ್ಲಿ ಬೇರೆ ಯಾರಾದ್ರೂ ಕಂಡ್ರೋ, ನೋಡ್ಕೋ ಮತ್ತೆ!"

ಬೈಯುತ್ತಲೇ ಹತ್ತಿರ ಬಂದು ಅವನ ಎದೆಗೆ ಹಣೆಯಾನಿಸಿದಳು. ಅವಳ ಕೈಯ ಗ್ರೀಸ್ ಅವನ ಬಿಳಿ ಅಂಗಿಗೆಲ್ಲ ಮೆತ್ತಿತು. ಬೈಗುಳ ಇನ್ನೂ ಮುಗಿದಿರಲಿಲ್ಲ. ಅವನು ಅಲುಗಾಡದೆ ನಿಂತು ಅಷ್ಟನ್ನೂ ಕೇಳಿಸಿಕೊಂಡ.