ಜ್ವರದ ಪತ್ರ

ಸ್ವೀಡನ್ನಿನ ಉಪ್ಸಾಲಾದಲ್ಲಿ ಹಳೆಯ ಕಾಗದಪತ್ರ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಹದಿನೆಂಟನೇ ಶತಮಾನದ ಒಬ್ಬ ವೈದ್ಯರು ರೋಗಿಯ ಮುಖವನ್ನೇ ನೋಡದೆ ಅಂಚೆಯಲ್ಲಿ ಮದ್ದು ಹೇಳುತ್ತಿದ್ದರು. ಈಗ ನಾನು ಸ್ಕ್ಯಾನ್ ಮಾಡುತ್ತಿರುವುದು ಅವರ ಕಾಗದಗಳನ್ನೇ: ರೋಗಿಗಳ ಪತ್ರಗಳು ಒಂದು ಪೆಟ್ಟಿಗೆಯಲ್ಲಿವೆ, ವೈದ್ಯರ ಉತ್ತರಗಳ ನಕಲುಗಳು ಇನ್ನೊಂದರಲ್ಲಿ.

ಪೆಟ್ಟಿಗೆಗಳಿಟ್ಟ ಕೋಣೆಯಲ್ಲಿ ಸದಾ ಚಳಿ. ಆದರೂ ತನಗೆ ಜ್ವರವೆಂದು ಹೆಂಗಸೊಬ್ಬಳು ಬರೆದಿದ್ದ ಪತ್ರ ಮಾತ್ರ ದಿನವೂ ಬಿಸಿಯಾಗಿರುತ್ತಿತ್ತು. ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದೆ. ಅದೇ ಬಿಸಿ.

ನನಗೆ ಅನುಮಾನ ಬಂದದ್ದು ಜೊತೆ ಕೆಲಸಗಾರ ರಾಯ್ಸ್ಟನ್ ಮೇಲೆ. ಫೀಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ವಿರಾಮಕ್ಕೆ, ಕಾಫಿ ಹಿಡಿದು ಕೂತಾಗ ಕೇಳಿಯೇಬಿಟ್ಟೆ.

"ಆ ಜ್ವರದ ಪತ್ರಾನ ಹೀಟರ್ ಮೇಲೆ ಇಡೋದು ನೀನೇ ಅಲ್ವಾ?"

"ಎಂತ ಜೆಸಿಂತಕ್ಕ, ನಾನು ಅದನ್ನು ಮುಟ್ಟಿದ್ದೇ ಇಲ್ಲ ಮಾರಾಯ್ರೆ!"

ನಾನು ನಂಬಲಿಲ್ಲ. ಅವನು ಮಾಲ್ಮೋಗೆ ಹೋದ ದಿನ ಕೋಣೆಯ ಕೀಲಿ ನನ್ನಲ್ಲೇ ಉಳಿಯಿತು; ಪತ್ರ ಆಗಲೂ ಬಿಸಿಯಾಗಿಯೇ ಇತ್ತು. ಅಂದೇ ವೈದ್ಯರ ಪೆಟ್ಟಿಗೆಯಲ್ಲಿ ಆ ಹೆಂಗಸಿಗೆ ಬರೆದ ಉತ್ತರ ಸಿಕ್ಕಿತು. ಅರಗಿನ ಮುದ್ರೆ ಒಡೆದಿರಲಿಲ್ಲ. ಅದನ್ನು ಕಳಿಸಿಯೇ ಇರಲಿಲ್ಲ. ಏನನ್ನಿಸಿತೋ, ಅದನ್ನು ಅವಳ ಪತ್ರದ ಮೇಲಿಟ್ಟು ಬೀಗ ಹಾಕಿಕೊಂಡು ಬಂದೆ.

ಬೆಳಿಗ್ಗೆ ಅವಳ ಪತ್ರ ತಣ್ಣಗಿತ್ತು.

ಅದರ ಕೆಳಗೆ, ತನಗೂ ಜ್ವರವೆಂದು ಅವಳ ಗಂಡ ಬರೆದ ಪತ್ರ ಕೈ ಸುಡುತ್ತಿತ್ತು. ಎರಡೂ ಪೆಟ್ಟಿಗೆ ಜಾಲಾಡಿದೆ. ಅವನಿಗೆ ವೈದ್ಯರು ಉತ್ತರ ಬರೆದೇ ಇಲ್ಲ.